ಫೋಲ್ಡರ್ ಜೋಡಿಸೋ ಮೊದಲು ಡುಪ್ಲಿಕೇಟ್ ತೆಗೆಯಿರಿ

ಹಳೇ ಲ್ಯಾಪ್‌ಟಾಪ್, ಪೆನ್‌ಡ್ರೈವ್, ಫೋನು ಎಲ್ಲದರಲ್ಲಿರೋ ಫೋಟೋ, ಪಿಡಿಎಫ್‌ಗಳನ್ನು ಒಂದೇ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಆಮೇಲೆ ಫೋಲ್ಡರ್ ಜೋಡಿಸೋಕೆ ಕೂರುವ ಮೊದಲೇ ಡೂಪ್‌ಗುರು ಓಡಿಸಿ. ಡುಪ್ಲಿಕೇಟ್ ಫೈಲ್ ಹುಡುಕಿಕೊಡೋ ಉಚಿತ ಸಾಫ್ಟ್‌ವೇರ್ ಇದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಈಗಾಗಲೇ ನೀಟಾಗಿರೋ ಫೋಲ್ಡರನ್ನು 'ರೆಫರೆನ್ಸ್' ಅಂತ ಗುರುತಿಸಿ, ಸ್ಕ್ಯಾನ್ ಟೈಪ್‌ನಲ್ಲಿ 'ಕಂಟೆಂಟ್ಸ್' ಆರಿಸಿ. ರೆಫರೆನ್ಸ್‌ನಲ್ಲಿರೋ ಫೈಲ್ ಅಳಿಸೋಕೆ ಅದು ಬಿಡೋದೇ ಇಲ್ಲ, ಹಾಗಾಗಿ ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಅಂತ ಒಂದೊಂದಕ್ಕೂ ತಲೆ ಕೆಡಿಸಿಕೊಳ್ಳಬೇಕಿಲ್ಲ. 'ಕಂಟೆಂಟ್ಸ್' ಸ್ಕ್ಯಾನ್ ಹೋಲಿಸೋದು ಫೈಲಿನ ಹೆಸರನ್ನಲ್ಲ, ಒಳಗಿರೋ ಡೇಟಾವನ್ನು. ಅದೇ ಪಹಣಿ, ಅದೇ ಮಾರ್ಕ್ಸ್ ಕಾರ್ಡ್ ಬೇರೆ ಬೇರೆ ಹೆಸರಲ್ಲಿ ಡೌನ್‌ಲೋಡ್ಸ್‌ನಲ್ಲಿ ಬಿದ್ದಿದ್ದರೂ, ಒಂದೇ ಫೈಲಿನ ಕಾಪಿಗಳಾದರೆ ಸಿಕ್ಕಿಬೀಳುತ್ತವೆ. ಈ ಸ್ಕ್ಯಾನ್ ಕೆಲಸಕ್ಕೆ ಬಾರದ್ದು ವಾಟ್ಸ್ಆ್ಯಪ್ ಫೋಟೋಗಳ ವಿಷಯದಲ್ಲಿ. ಕಳಿಸುವಾಗ ವಾಟ್ಸ್ಆ್ಯಪ್ ಫೋಟೋ ಕುಗ್ಗಿಸುತ್ತದೆ, ಕಣ್ಣಿಗೆ ಒಂದೇ ಕಂಡರೂ ಫೈಲ್ ಬೇರೆ. ಅದಕ್ಕೆ ಡೂಪ್‌ಗುರುವಿನಲ್ಲಿ 'ಪಿಕ್ಚರ್' ಮೋಡ್ ಇದೆ, ಆದರೆ ಒಂದರ ಹಿಂದೆ ಒಂದು ತೆಗೆದ ಗ್ರೂಪ್ ಫೋಟೋಗಳನ್ನೂ ಅದು ಡುಪ್ಲಿಕೇಟ್ ಅಂದುಬಿಡಬಹುದು, ಅಲ್ಲಿ ನೀವೇ ನೋಡಿ ತೆಗೆಯಬೇಕಾದ್ದಕ್ಕೆ ಟಿಕ್ ಮಾಡಿ, ದೊಡ್ಡ ಸೈಜಿನದ್ದು ಉಳಿಸಿಕೊಳ್ಳಿ. ಇನ್ನೊಂದು, ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್ ಸಿಂಕ್ ಆಗ್ತಿರೋ ಫೋಲ್ಡರ್ ಮೇಲೆ ಓಡಿಸಲೇಬೇಡಿ, ಇಲ್ಲಿ ಅಳಿಸಿದ್ದು ಅಲ್ಲೂ ಹೋಗುತ್ತದೆ. ಸಿಕ್ಕಿದ್ದನ್ನೂ ತಕ್ಷಣ ಡಿಲೀಟ್ ಮಾಡಬೇಡಿ, 'ಮೂವ್ ಮಾರ್ಕ್ಡ್' ಕೊಟ್ಟು ಬೇರೆ ಫೋಲ್ಡರಿಗೆ ತಳ್ಳಿ, ಒಂದೆರಡು ತಿಂಗಳು ಯಾವುದೂ ಬೇಕಾಗದಿದ್ದರೆ ಆಮೇಲೆ ತೆಗೆದರಾಯಿತು.