ರೇಷ್ಮೆ ಹುಳುವಿನ ಎಟಿಪಿಏಸ್‌ನಲ್ಲಿ ಎಂಟು ಅಕ್ಷರಗಳ ಹುಡುಕಾಟ

ಶಿಡ್ಲಘಟ್ಟದ ಸುತ್ತಲಿನ ಹುಳು ಸಾಕಣೆಯ ಮನೆಗಳಿಂದ ಬರುವ ನಮ್ಮ ಪದವಿ ವಿದ್ಯಾರ್ಥಿಗಳಿಗೆ ಪ್ರೋಟೀನ್ ಸರಣಿಗಳ (ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಅಕ್ಷರದಂತೆ ಬರೆದ ಸಾಲುಗಳ) ಹೋಲಿಕೆಯನ್ನು ಕಲಿಸಬೇಕಾಗಿ ಬಂದಾಗ, ನಾನು ರೇಷ್ಮೆ ಹುಳುವಿನ ವಿ-ಎಟಿಪಿಏಸ್‌ನ ಎ ಉಪಘಟಕವನ್ನೇ (ಆ ಕಿಣ್ವವನ್ನು ಕಟ್ಟುವ ಪ್ರೋಟೀನುಗಳಲ್ಲಿ ಒಂದನ್ನು) ಆರಿಸಿಕೊಂಡೆ. ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣುವನ್ನು ಒಡೆದು ಪ್ರೋಟಾನುಗಳನ್ನು ಪೊರೆಯಾಚೆಗೆ ತಳ್ಳುವ ಈ ಕಿಣ್ವದಲ್ಲಿ ಬದಲಾಗದೆ ಉಳಿದ ಭಾಗ ಯಾವುದೆಂದು ಅವರೇ ಕಣ್ಣಾರೆ ಕಾಣಬೇಕೆಂಬುದು ನನ್ನ ಆಸೆಯಾಗಿತ್ತು.

ಪ್ರೋಟೀನುಗಳ ದತ್ತಾಂಶ ಕೋಶವಾದ ಯೂನಿಪ್ರಾಟ್‌ನಿಂದ ಹುಳು, ಮನುಷ್ಯ ಮತ್ತು ಯೀಸ್ಟ್‌ನ ಸರಣಿಗಳನ್ನು ಇಳಿಸಿಕೊಂಡು ಕ್ಲಸ್ಟಲ್ ಒಮೆಗಾ ಎಂಬ ತಂತ್ರಾಂಶದಲ್ಲಿ ಒಂದರ ಕೆಳಗೊಂದು ಜೋಡಿಸಿದಾಗ, ಯೀಸ್ಟ್‌ನ ಸಾಲಿಗೆ ಎದುರಾಗಿ ಉಳಿದೆರಡು ಸಾಲುಗಳಲ್ಲಿ ಬಹಳ ಉದ್ದದ ಖಾಲಿ ಜಾಗ ಕಾಣಿಸಿಕೊಂಡಿತು. ಗ್ಯಾಪ್ ಪೆನಾಲ್ಟಿಯ (ಖಾಲಿ ಜಾಗ ಬಿಟ್ಟಾಗ ಕಳೆಯುವ ಅಂಕದ) ದೋಷವಿರಬಹುದೆಂದು ಭಾವಿಸಿ, ಅದನ್ನು ಬದಲಿಸಲು ಬೇರೆ ತಂತ್ರಾಂಶಕ್ಕೆ ಹೋಗಿ ಒಂದು ಸಂಜೆಯನ್ನೇ ಕಳೆದೆ. ದೋಷ ಅಲ್ಲಿರಲಿಲ್ಲ. ಯೀಸ್ಟ್‌ನ ಜೀನ್ ಮೊದಲು 1071 ಅಮೈನೋ ಆಮ್ಲಗಳ ಪ್ರೋಟೀನನ್ನು ಕೊಡುತ್ತದೆ. ಅದರ ನಡುವಿನ 454 ಅಮೈನೋ ಆಮ್ಲಗಳ ಇಂಟೀನ್ ಎಂಬ ತುಣುಕು ತನ್ನನ್ನು ತಾನೇ ಕತ್ತರಿಸಿಕೊಂಡು ಹೊರಬಂದು, ಎರಡು ತುದಿಗಳು ಬೆಸೆದುಕೊಂಡ ಮೇಲೆ 617ರ ಕಿಣ್ವ ಉಳಿಯುತ್ತದೆ. ಇದು 1990ರಲ್ಲಿ ಪತ್ತೆಯಾದ ಸಂಗತಿ. ದತ್ತಾಂಶದ ಪುಟದಲ್ಲಿದ್ದ ಆ ವಿವರವನ್ನು ಓದದೆ ಸರಣಿಯನ್ನಷ್ಟೇ ನಕಲು ಮಾಡಿಕೊಂಡದ್ದು ನನ್ನ ತಪ್ಪು.

ಇಂಟೀನನ್ನು ತೆಗೆದು ಮತ್ತೆ ಜೋಡಿಸಿ, ಜೊತೆಗೆ ಎಟಿಪಿಯನ್ನು ತಯಾರಿಸುವ ಬಂಧು ಕಿಣ್ವವಾದ ಎಟಿಪಿ ಸಿಂಥೇಸ್‌ನ ಬೀಟಾ ಉಪಘಟಕವನ್ನೂ ಸೇರಿಸಿದೆ. ಒಟ್ಟಾರೆ ಹೋಲಿಕೆ ಸುಮಾರು ಕಾಲು ಭಾಗವಷ್ಟೇ ಆದರೂ, ವಿ-ಎಟಿಪಿಏಸ್‌ನ 'ಜಿಎಎಫ್‌ಜಿಸಿಜಿಕೆಟಿ' ಬೀಟಾದ 'ಜಿಜಿಎಜಿವಿಜಿಕೆಟಿ'ಯ ಮೇಲೆ ನೇರವಾಗಿ ಬಂದು ಕುಳಿತಿತು. 1982ರಲ್ಲಿ ಜಾನ್ ವಾಕರ್ ಮತ್ತು ಸಂಗಡಿಗರು ಇಂಥದೇ ಹೋಲಿಕೆಯಿಂದ ಗುರುತಿಸಿದ ವಾಕರ್-ಎ ವಿನ್ಯಾಸವಿದು. ಇದರಲ್ಲಿ 'ಕೆ' ಅಕ್ಷರದ ಲೈಸಿನ್ ಎಟಿಪಿಯ ಫಾಸ್ಫೇಟುಗಳನ್ನು ಹಿಡಿಯುತ್ತದೆ, 'ಟಿ' ಅಕ್ಷರದ ತ್ರಿಯೋನಿನ್ ಮೆಗ್ನೀಸಿಯಮ್ಮನ್ನು ಹಿಡಿಯುತ್ತದೆ. ಹಾಗಾಗಿ ಈ ಎರಡರಲ್ಲಿ ಒಂದಕ್ಷರ ಬದಲಾದರೂ ಕಿಣ್ವದ ಕೆಲಸ ಕೆಡುವ ಸಂಭವ ಹೆಚ್ಚು.

ಎಟಿಪಿಯಿಂದಲೇ ನಡೆಯುವ ಮತ್ತೊಂದು ಪಂಪ್ ಆದ ಸೋಡಿಯಂ-ಪೊಟ್ಯಾಸಿಯಂ ಎಟಿಪಿಏಸ್ ಅನ್ನು ಸೇರಿಸಿ ನೋಡಿದಾಗ ಮಾತ್ರ ಒಂದರ ಕೆಳಗೊಂದು ಹೊಂದಿದ್ದ ಅಕ್ಷರಗಳ ಕಂಬಸಾಲುಗಳೆಲ್ಲ ಚದುರಿದವು. ಅದು 'ಡಿಕೆಟಿಜಿಟಿ' ಸರಣಿಯಲ್ಲಿರುವ ತನ್ನದೇ ಆಸ್ಪಾರ್ಟಿಕ್ ಆಮ್ಲದ ಮೇಲೆ ಫಾಸ್ಫೇಟನ್ನು ಹೊರುವ ಬೇರೊಂದು ಕುಟುಂಬ. ಸಂಬಂಧವಿಲ್ಲದ ಸರಣಿಗಳನ್ನೂ ತಂತ್ರಾಂಶ ಹೇಗೋ ಜೋಡಿಸಿಯೇ ಕೊಡುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಲು ಆ ಫಲಿತಾಂಶವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.

ವಿ-ಎಟಿಪಿಏಸ್‌ನ ಬಿ ಉಪಘಟಕವನ್ನು ಸೇರಿಸೋಣವೇ ಎಂದು ಕೇಳಿದವಳು ಒಬ್ಬ ವಿದ್ಯಾರ್ಥಿನಿ. ಸೇರಿಸಿದೆವು. ಉಳಿದ ಭಾಗಗಳ ಸಾಮ್ಯದಿಂದ ಅದು ಎ ಉಪಘಟಕದ ಬಂಧುವೆಂದು ತಿಳಿಯುತ್ತಿತ್ತು, ಆದರೆ ಆ ಎಂಟು ಅಕ್ಷರಗಳ ಜಾಗದಲ್ಲಿ ವಾಕರ್-ಎ ಇರಲಿಲ್ಲ. ಎಟಿಪಿಯನ್ನು ಒಡೆಯುವ ಕೆಲಸವೂ ಅದರದಲ್ಲ.