ವಾಟ್ ಫೋ ನೋಡುವ ಕ್ರಮ: ಮಲಗಿದ ಬುದ್ಧ ಕೊನೆಗಿರಲಿ

ಬ್ಯಾಂಕಾಕ್‌ನ ವಾಟ್ ಫೋಗೆ ಹೋದವರು ನೇರವಾಗಿ ಮಲಗಿದ ಬುದ್ಧನ ಹತ್ತಿರ ಹೋಗಿ, ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ನನಗದು ಬೇಜಾರು. ರಾಜರು ಒಬ್ಬರಾದ ಮೇಲೊಬ್ಬರು ಬೆಳೆಸಿದ ದೇವಾಲಯವಿದು. ಅದೇ ಕ್ರಮದಲ್ಲಿ ನೋಡಿ.

ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಬಿಸಿಲೇರುವ ಮೊದಲೇ ಹೋಗಿ.

ಮೊದಲು ಪೂರ್ವದ ಕಡೆಯ ಉಬೋಸೋತ್, ಅಂದರೆ ದೀಕ್ಷಾ ಮಂದಿರ. ಇಲ್ಲಿದ್ದ ಹಳೆಯ ದೇವಾಲಯವನ್ನು ಒಂದನೇ ರಾಮ ಹೊಸದಾಗಿ ಕಟ್ಟಿಸಿದ. (ಇಲ್ಲಿ ರಾಮ ಅಂದರೆ ದೇವರಲ್ಲ, ಈಗಿನ ಥಾಯ್ ರಾಜವಂಶದ ರಾಜರನ್ನು ಒಂದನೇ ರಾಮ, ಎರಡನೇ ರಾಮ ಎಂದು ಎಣಿಸುತ್ತಾರೆ.) 1801ರಲ್ಲಿ ಕೆಲಸ ಮುಗಿಯಿತು. ಮೂರನೇ ರಾಮ ಮಂದಿರವನ್ನು ಇನ್ನಷ್ಟು ದೊಡ್ಡದು ಮಾಡಿದ. ಒಳಗಿರುವ ಬುದ್ಧನ ಪೀಠದಲ್ಲಿ ಒಂದನೇ ರಾಮನ ಅಸ್ಥಿಯಿದೆ. ಹೊರಗೆ ಬಂದ ಮೇಲೆ ಒಮ್ಮೆ ಬಗ್ಗಿ ನೋಡಿ. ಬುಡದ ಸುತ್ತ ಅಮೃತಶಿಲೆಯಲ್ಲಿ ರಾಮಕಿಯೆನ್, ಅಂದರೆ ಥಾಯ್ ರಾಮಾಯಣ, 152 ಫಲಕಗಳಲ್ಲಿ ಕೆತ್ತಿದೆ. ನಮ್ಮವರಿಗೆ ಹನುಮಂತನ ಗುರುತು ಹಿಡಿಯಲು ಗೈಡ್ ಬೇಕಿಲ್ಲ ಅಲ್ವಾ?

ಆಮೇಲೆ ಪಶ್ಚಿಮಕ್ಕೆ ನಡೆದರೆ ನಾಲ್ಕು ದೊಡ್ಡ ಸ್ತೂಪಗಳು. ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಹಸಿರು ಸ್ತೂಪದಿಂದ ಶುರು ಮಾಡಿ. 1767ರಲ್ಲಿ ಬರ್ಮಾದ ಸೈನ್ಯ ಹಳೆಯ ರಾಜಧಾನಿ ಅಯುತ್ಥಯವನ್ನು ಸುಟ್ಟಾಗ, ಅರಮನೆಯ ದೇವಾಲಯದಲ್ಲಿದ್ದ ದೊಡ್ಡ ಬುದ್ಧನ ಚಿನ್ನದ ಹೊದಿಕೆಯೂ ಹೋಯಿತು. ಉಳಿದ ವಿಗ್ರಹವನ್ನು ಒಂದನೇ ರಾಮ ಇಲ್ಲಿಗೆ ತರಿಸಿದ. ಅದನ್ನು ಸರಿಪಡಿಸುವಂತಿರಲಿಲ್ಲ, ಕರಗಿಸಲೂ ಇಲ್ಲ. ಅದರ ಮೇಲೆಯೇ ಸ್ತೂಪ ಕಟ್ಟಿಸಿದ. ಕಳೆದುಹೋದ ರಾಜಧಾನಿಯ ಬುದ್ಧ ಈ ಹಸಿರು ಹೆಂಚಿನ ಹಿಂದೆ ಇದ್ದಾನೆ. ಈ ಜಾಗದಲ್ಲಿ ನನಗೆ ಬೇಗ ಕಾಲು ಕೀಳಲು ಆಗುವುದಿಲ್ಲ. ಬಿಳಿಯದು ಎರಡನೇ ರಾಮನ ನೆನಪಿಗೆ, ಹಳದಿ ಮೂರನೆಯವನದು, ನೀಲಿ ನಾಲ್ಕನೆಯವನದು. ಇನ್ನು ಮುಂದೆ ಯಾವ ರಾಜನೂ ಇಲ್ಲಿ ಸ್ತೂಪ ಕಟ್ಟುವುದು ಬೇಡ ಎಂದು ನಾಲ್ಕನೇ ರಾಮನೇ ನಿಲ್ಲಿಸಿದ. ಹತ್ತಿರ ಹೋಗಿ ಮೆರುಗಿನ ಹೆಂಚಿನ ಹೂಗಳನ್ನು ನೋಡಿ, ಬರೀ ದೂರದ ಫೋಟೊ ಸಾಲದು.

ಈಗ ವಾಯುವ್ಯ ಮೂಲೆಗೆ ಬನ್ನಿ. ಮೂರನೇ ರಾಮ ಮಾಡಿಸಿದ ಮಲಗಿದ ಬುದ್ಧ 46 ಮೀಟರ್ ಉದ್ದ, 15 ಮೀಟರ್ ಎತ್ತರ. ಒಳಗೆ ಇಟ್ಟಿಗೆ, ಮೇಲೆ ಗಾರೆ, ಅದರ ಮೇಲೆ ಚಿನ್ನದ ರೇಕು. ಮುಖ ನೋಡಿ ವಾಪಸ್ ತಿರುಗಬೇಡಿ. ಪಾದದವರೆಗೂ ಹೋಗಿ. ಅಂಗಾಲಿನ ತುಂಬ ಮುತ್ತಿನ ಚಿಪ್ಪಿನಲ್ಲಿ 108 ಮಂಗಳ ಚಿಹ್ನೆಗಳಿವೆ.

ಹೊರಡುವ ಮುನ್ನ ಮಂಟಪಗಳ ಗೋಡೆಗಳ ಮೇಲಿನ ಕಲ್ಲಿನ ಬರಹಗಳನ್ನೂ ನೋಡಿ. ವೈದ್ಯ, ಕಾವ್ಯ, ಮಸಾಜ್ ಎಲ್ಲವನ್ನೂ ಜನ ಓದಲಿ ಎಂದು ಮೂರನೇ ರಾಮ ಕೆತ್ತಿಸಿದ. 2011ರಲ್ಲಿ ಇವು ಯುನೆಸ್ಕೋದ ವಿಶ್ವ ಸ್ಮರಣೆ ಪಟ್ಟಿ ಸೇರಿದವು. ದೇಹದ ಮೇಲೆ ಗೆರೆ ಎಳೆದ ಚಿತ್ರಗಳು ಮಸಾಜ್‌ನ ಪಾಠಗಳು. ಆ ವಿದ್ಯೆ ಆವರಣದೊಳಗೆ ಇವತ್ತಿಗೂ ನಡೆಯುತ್ತಿದೆ. ಕಾಲು ನೋಯುತ್ತಿದ್ದರೆ ಅಲ್ಲೇ ಮಸಾಜ್ ಮಾಡಿಸಿಕೊಳ್ಳಿ.