ಒಂಬತ್ತನೇ ನಂಬರಿನ ಕೆಲಸ: ಸೆಂಟರ್ ಫಾರ್ವರ್ಡ್ ಆಗಿ ನನ್ನ ಅನುಭವ

ತುಮಕೂರಿನ ಫುಟ್‌ಬಾಲ್ ತಂಡಗಳಲ್ಲಿ ಹಲವು ವರ್ಷ ಸೆಂಟರ್ ಫಾರ್ವರ್ಡ್ (ದಾಳಿಯ ಸಾಲಿನ ನಡುವೆ ನಿಲ್ಲುವ, ಸಾಮಾನ್ಯವಾಗಿ ಒಂಬತ್ತನೇ ನಂಬರಿನ ಅಂಗಿ ತೊಡುವ ಆಟಗಾರ) ಆಗಿ ಆಡಿದ ಮೇಲೆ ನನಗೆ ಮನವರಿಕೆಯಾಗಿರುವುದೆಂದರೆ, ಈ ಸ್ಥಾನದವನ ಕೆಲಸ ಬಹುಪಾಲು ಚೆಂಡು ಕಾಲಿಗೆ ಸಿಗುವ ಮೊದಲೇ ನಡೆದುಹೋಗಿರುತ್ತದೆ. ನೋಡುವವರು ಗೋಲನ್ನಷ್ಟೇ ಎಣಿಸುತ್ತಾರೆ.

ನಾವು ಆಡುತ್ತಿದ್ದ ಮೈದಾನಗಳು ಹುಲ್ಲಿಲ್ಲದ ಗಟ್ಟಿ ನೆಲದವು. ಹಿಂದಿನಿಂದ ಉದ್ದಕ್ಕೆ ಒದ್ದ ಚೆಂಡು ಎದೆಯೆತ್ತರಕ್ಕೆ ಪುಟಿದು ಬರುವಾಗ, ಎದುರಾಳಿ ಸ್ಟಾಪರ್, ಅಂದರೆ ರಕ್ಷಣೆಯ ನಡುವಿನ ಆಟಗಾರ, ನನ್ನ ಬೆನ್ನಿಗೇ ಒತ್ತಿಕೊಂಡು ನಿಂತಿರುತ್ತಿದ್ದ. ಅವನಿಗೆ ಪೂರ್ತಿ ಬೆನ್ನು ಕೊಡದೆ, ಮಂಡಿಯನ್ನು ತುಸು ಬಗ್ಗಿಸಿ ಓರೆಯಾಗಿ ನಿಂತು, ಅವನಿಂದ ದೂರವಿರುವ ಕಾಲಿನಲ್ಲಿ ಚೆಂಡನ್ನು ತಡೆಯುವುದನ್ನು ನಾನು ರೂಢಿಸಿಕೊಂಡೆ. ಚೆಂಡು ಬರುವ ಮುನ್ನ ಒಮ್ಮೆ ಹೆಗಲ ಮೇಲಿಂದ ಹಿಂದಕ್ಕೆ ನೋಡಿದ್ದರೆ, ತಿರುಗಬೇಕೋ ಅಥವಾ ಓಡಿ ಬರುವ ಜೊತೆಗಾರನಿಗೆ ಒಂದೇ ಸ್ಪರ್ಶದಲ್ಲಿ ಬಿಟ್ಟುಕೊಡಬೇಕೋ ಎಂಬುದು ಆಗಲೇ ತೀರ್ಮಾನವಾಗಿರುತ್ತಿತ್ತು.

ಕ್ರಾಸ್, ಅಂದರೆ ಮೈದಾನದ ಅಂಚಿನಿಂದ ಗೋಲಿನ ಮುಂದಕ್ಕೆ ಒದ್ದ ಚೆಂಡು, ಬರುವಾಗಿನ ಓಟ ಇನ್ನೂ ಸೂಕ್ಷ್ಮವಾದದ್ದು. ಅಂಚಿನಲ್ಲಿ ಆಡುವ ವಿಂಗರ್ ತಲೆಯೆತ್ತುವ ಮೊದಲು ನಾನು ಗೋಲಿನ ದೂರದ ಕಂಬದ ಕಡೆಗೆ ಎರಡು ಹೆಜ್ಜೆ ಸರಿಯುತ್ತಿದ್ದೆ. ಸ್ಟಾಪರ್ ನನ್ನನ್ನು ಹಿಂಬಾಲಿಸಿದ ಕೂಡಲೇ ಅವನ ಮುಂದಿನಿಂದ ಅಡ್ಡಹಾಯ್ದು ಹತ್ತಿರದ ಕಂಬಕ್ಕೆ ನುಗ್ಗುತ್ತಿದ್ದೆ. ಒಂದೇ ಕ್ಷಣದಲ್ಲಿ ಚೆಂಡನ್ನೂ ನನ್ನನ್ನೂ ನೋಡುವುದು ಅವನಿಂದಾಗದು. ಅಲ್ಲಿ ಬಲವಾದ ಹೊಡೆತ ಬೇಕಿಲ್ಲ, ದಿಕ್ಕು ಬದಲಾದರೆ ಸಾಕು. 1974ರ ವಿಶ್ವಕಪ್ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ಗೆರ್ಡ್ ಮುಲ್ಲರ್ ಗಳಿಸಿದ ಗೆಲುವಿನ ಗೋಲು ಕೂಡ ಅಂಥದ್ದೇ: ಮೊದಲ ಸ್ಪರ್ಶದಲ್ಲಿ ಚೆಂಡು ಹಿಂದಕ್ಕೆ ಸರಿದರೂ, ಅವರು ಹಿಂದೆ ಹೆಜ್ಜೆಯಿಟ್ಟು ತಿರುಗಿ, ನೆಲಮಟ್ಟದಲ್ಲಿ ಗೋಲಿಗೆ ತಳ್ಳಿದರು.

ಈಗಿನ ಹುಡುಗರಿಗೆ ಮೆಸ್ಸಿಯ ಹಾಗೆ ಮುಂದಿನ ಸಾಲು ಬಿಟ್ಟು ಮೈದಾನದ ಮಧ್ಯದತ್ತ ಕೆಳಗಿಳಿದು ಆಡುವ ಆಸೆ. ಅದೇನೂ ಹೊಸದಲ್ಲ, 1953ರಲ್ಲಿ ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿದಾಗ ಹಂಗೇರಿಯ ಸೆಂಟರ್ ಫಾರ್ವರ್ಡ್ ಹಿಡೆಗ್‌ಕುಟಿ ಹಾಗೆಯೇ ಆಡಿ ಮೂರು ಗೋಲು ಹೊಡೆದಿದ್ದರು. ಆದರೆ ಅವರು ಬಿಟ್ಟ ಜಾಗಕ್ಕೆ ನುಗ್ಗಲು ಅದೇ ತಂಡದ ದಾಳಿಗಾರರಾದ ಪುಷ್ಕಾಸ್, ಕೋಚಿಸ್ ಇದ್ದರು. ನಮ್ಮ ತಂಡದಲ್ಲಿ ನಾನು ಕೆಳಗಿಳಿದಾಗ ಮಧ್ಯದಿಂದ ಯಾರೂ ಮೇಲೇರದಿದ್ದರೆ, ಎದುರಾಳಿಯ ಸ್ಟಾಪರ್‌ಗಳಿಬ್ಬರಿಗೂ ಪುಕ್ಕಟೆ ವಿಶ್ರಾಂತಿ ಸಿಗುತ್ತಿತ್ತು. ಆದ್ದರಿಂದ ಪಂದ್ಯಕ್ಕೆ ಮೊದಲೇ ಮಾತಾಡಿಕೊಂಡಿದ್ದರೆ ಮಾತ್ರ ಇಳಿಯುತ್ತಿದ್ದೆ. ಇಲ್ಲವಾದರೆ ಚೆಂಡು ಸಿಗಲಿ ಬಿಡಲಿ, ಅವರಿಬ್ಬರ ನಡುವೆಯೇ ನಿಂತು ಇಬ್ಬರನ್ನೂ ಅಲ್ಲಿಯೇ ಕಟ್ಟಿಹಾಕುತ್ತಿದ್ದೆ.